ಕಿವಿಯ ದಾರಿ, ಕಣ್ಣಿನ ದಾರಿ: ಕಾಳಿ ಕಣಿವೆಯ ಹೆಸರುಗಳು ಮತ್ತು ಕನ್ನಡ ಲಿಪಿ

ಸಾರಾಂಶ: ಅನ್ಯಭಾಷೆಯ ಹೆಸರುಗಳು ಕನ್ನಡಕ್ಕೆ ಬಂದಾಗ ಆಗುವ ಉಚ್ಚಾರಣೆಯ ವ್ಯತ್ಯಾಸಗಳನ್ನು ಒಂದೋ ತಪ್ಪೆಂದು ಹಳಿಯುವುದು, ಇಲ್ಲವೇ ಕನ್ನಡದ ಜಾಯಮಾನವೆಂದು ಒಪ್ಪಿಕೊಳ್ಳುವುದು ವಾಡಿಕೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಪ್ರದೇಶದ ಹೆಸರುಗಳನ್ನು ಆಧಾರವಾಗಿಟ್ಟುಕೊಂಡು, ಈ ವ್ಯತ್ಯಾಸಗಳಲ್ಲಿ ಎರಡು ಬಗೆಗಳಿವೆಯೆಂದು ಈ ಲೇಖನ ವಾದಿಸುತ್ತದೆ. ಭಾಷೆಯ ಧ್ವನಿವ್ಯವಸ್ಥೆಯಿಂದ ಹುಟ್ಟುವ ಅಳವಡಿಕೆ ಒಂದು; ರೋಮನ್ ಬರಹವನ್ನು ಮೂಲವೆಂದು ಭ್ರಮಿಸುವುದರಿಂದ ಹುಟ್ಟುವ ವಿಕೃತಿ ಇನ್ನೊಂದು. ಮೊದಲನೆಯದನ್ನು ತಿದ್ದಬೇಕಾಗಿಲ್ಲ, ಎರಡನೆಯದನ್ನು ತಿದ್ದಲು ಬೇಕಾದ ಅಕ್ಷರಗಳು ಕನ್ನಡದಲ್ಲಿ ಈಗಾಗಲೇ ಇವೆ.

ಪ್ರಮುಖ ಪದಗಳು: ಸ್ಥಳನಾಮ, ವ್ಯಕ್ತಿನಾಮ, ಲಿಪ್ಯಂತರಣ, ಧ್ವನಿಯ ಅಳವಡಿಕೆ, ಕೊಂಕಣಿ, ಟಿಬೆಟನ್

1. ಪ್ರಶ್ನೆಯ ಸ್ವರೂಪ

ಕಾಳಿ ಜಲವಿದ್ಯುತ್ ಯೋಜನೆಯ ವಸತಿನೆಲೆಯಾಗಿ ಬೆಳೆದ ಅಂಬಿಕಾನಗರದ ಹೆಸರು ಹೊಸದು, ಅದರ ಘಟಕಗಳು ಹಳೆಯವು. ಸಂಸ್ಕೃತದ ಎರಡು ಪದಗಳು ಕೂಡಿ ಆದ ಈ ಹೆಸರಿನಲ್ಲಿ ಯಾವ ಕನ್ನಡಿಗನಿಗೂ ಅಪರಿಚಿತವಾದ ಧ್ವನಿಯಿಲ್ಲ. ಆದರೂ ಅದಕ್ಕೆ ಎರಡು ಉಚ್ಚಾರಣೆಗಳಿವೆ. ಕನ್ನಡ ಮಾತಾಡುವವರು ಕೊನೆಯ ಅಕಾರವನ್ನು ಉಳಿಸಿಕೊಂಡು ‘ಅಂಬಿಕಾನಗರ’ ಎನ್ನುತ್ತಾರೆ. ಮರಾಠಿ, ಹಿಂದಿ ಮಾತಾಡುವವರು ಅದನ್ನು ಬಿಟ್ಟು ‘ಅಂಬಿಕಾನಗರ್’ ಎನ್ನುತ್ತಾರೆ. ಪದಾಂತ್ಯದ ಅಕಾರವನ್ನು ಲೋಪಿಸುವುದು ಆ ಭಾಷೆಗಳ ಸಹಜ ನಿಯಮ, ಉಳಿಸಿಕೊಳ್ಳುವುದು ಕನ್ನಡದ ಸಹಜ ನಿಯಮ. ಇಲ್ಲಿ ತಪ್ಪು ಹೇಳುವವರು ಯಾರೂ ಇಲ್ಲ.

ಆದರೆ ಕನ್ನಡ ಮಾತಾಡುವವನೇ ಇಂಗ್ಲಿಷ್ ಫಲಕವನ್ನು ಓದಿ ‘ಅಂಬಿಕಾನಗರ್‌ನಲ್ಲಿ’ ಎಂದು ಬರೆದಾಗ ಸ್ಥಿತಿ ಬೇರೆಯಾಗುತ್ತದೆ. ಅಕಾರಾಂತ ನಪುಂಸಕ ನಾಮಕ್ಕೆ ಕನ್ನಡದಲ್ಲಿ ದಕಾರದ ಆಗಮವಿದೆ. ಆದ್ದರಿಂದಲೇ ನಗರದಲ್ಲಿ, ನಗರದಿಂದ. ವ್ಯಂಜನಾಂತವಾದೊಡನೆ ಅದೇ ಪದ ‘ಬಸ್’, ‘ಕಾರ್’ಗಳ ಸಾಲಿಗೆ ಸೇರಿ ನಗರ್‌ನಲ್ಲಿ, ನಗರ್‌ನಿಂದ, ನಗರ್‌ಗೆ ಎಂದು ರೂಪ ಪಡೆಯುತ್ತದೆ. ಉಚ್ಚಾರಣೆಯ ಬದಲಾವಣೆ ವಿಭಕ್ತಿಯವರೆಗೆ ಹರಿಯಿತು, ಕನ್ನಡದ್ದೇ ಆದ ಪದ ಕನ್ನಡದೊಳಗೆ ಪರಕೀಯವಾಯಿತು. ಮರಾಠಿಗನ ‘ನಗರ್’ ಮತ್ತು ಕನ್ನಡಿಗನ ‘ನಗರ್’ ಕೇಳುವುದಕ್ಕೆ ಒಂದೇ. ಮೊದಲನೆಯದು ಭಾಷೆಯ ನಿಯಮದಿಂದ ಬಂದದ್ದು, ಎರಡನೆಯದು ಓದಿದ ಲಿಪಿಯಿಂದ ಬಂದದ್ದು. ಹೆಸರುಗಳ ಉಚ್ಚಾರಣೆಯ ಚರ್ಚೆ ಸಾಮಾನ್ಯವಾಗಿ ಈ ಭೇದವನ್ನು ಗಮನಿಸುವುದಿಲ್ಲ.

2. ‘ಬರೆದಂತೆ ಓದುವ’ ನಂಬಿಕೆ

ಭೇದ ಕಣ್ಣಿಗೆ ಬೀಳದಿರಲು ಮುಖ್ಯ ಕಾರಣ, ಕನ್ನಡವು ಬರೆದಂತೆ ಓದುವ ಭಾಷೆ ಎಂಬ ಜನಪ್ರಿಯ ನಂಬಿಕೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧ ಬಹಳ ನೇರವಾದುದು. ಆದರೆ ಈ ನೇರತನ ಕನ್ನಡದ ಪದಗಳಿಗೆ, ಅವುಗಳನ್ನು ಮೊದಲೇ ಬಲ್ಲ ಓದುಗನಿಗೆ ಸಂಬಂಧಿಸಿದ್ದು. ಬಹುಪಾಲು ಕನ್ನಡಿಗರ ಸಹಜ ಮಾತಿನಲ್ಲಿ ಶಕಾರ ಷಕಾರಗಳಿಗೆ ಭೇದವಿಲ್ಲ. ಋಕಾರವನ್ನು ‘ರು’ ಎಂದೇ ಓದುತ್ತೇವೆ. ‘ಫಲ’ ಮತ್ತು ‘ಫ್ಯಾನ್’ ಪದಗಳ ಮೊದಲ ಅಕ್ಷರ ಒಂದೇ ಆದರೂ ಅವುಗಳ ಮೂಲಧ್ವನಿಗಳು ಬೇರೆ. ಇಂದು ಅನೇಕರು ಎರಡನ್ನೂ ಇಂಗ್ಲಿಷಿನ ಘರ್ಷಧ್ವನಿಯಿಂದಲೇ ಆರಂಭಿಸುತ್ತಾರೆ. ಅಕ್ಷರವನ್ನು ಧ್ವನಿಯಾಗಿ ಪರಿವರ್ತಿಸುವಾಗ ನಾವು ಪದದ ಪರಿಚಯವನ್ನು ಸದ್ದಿಲ್ಲದೆ ಬಳಸಿಕೊಳ್ಳುತ್ತೇವೆ.

ಪರಿಚಯವಿಲ್ಲದ ಹೆಸರಿನಲ್ಲಿ ಈ ಆಸರೆ ಇರುವುದಿಲ್ಲ. ಇಂಗ್ಲಿಷ್ ಓದುಗನಿಗೆ ತನ್ನ ಲಿಪಿಯ ಮೇಲೆ ನಂಬಿಕೆ ಕಡಿಮೆ. ಹೊಸ ಹೆಸರು ಕಂಡರೆ ಅದನ್ನು ಹೇಗೆ ಹೇಳಬೇಕೆಂದು ಕೇಳುತ್ತಾನೆ. ಕನ್ನಡ ಓದುಗನು ಕೇಳುವುದಿಲ್ಲ. ಕನ್ನಡ ಅಕ್ಷರಗಳಲ್ಲಿ ಅಚ್ಚಾದದ್ದೇ ಉಚ್ಚಾರಣೆ ಎಂದು ನಂಬಿ ನಿಸ್ಸಂಕೋಚವಾಗಿ ಓದುತ್ತಾನೆ. ಲಿಪಿಯ ಮೇಲಿನ ಈ ವಿಶ್ವಾಸದಿಂದಾಗಿ, ಬರೆದವನು ಮಾಡಿದ ತಪ್ಪು ಓದುವವನಿಗೆ ಪ್ರಮಾಣವಾಗಿ ತಲುಪುತ್ತದೆ. ಆದ್ದರಿಂದ ಅನ್ಯಭಾಷೆಯ ಹೆಸರನ್ನು ಕನ್ನಡದಲ್ಲಿ ಬರೆಯುವವನ ಹೊಣೆ, ಇಂಗ್ಲಿಷಿನಲ್ಲಿ ಬರೆಯುವವನದಕ್ಕಿಂತ ಹೆಚ್ಚಿನದು.

3. ಅಳವಡಿಕೆ ತಪ್ಪಲ್ಲ

ಮೂಲದ ಉಚ್ಚಾರಣೆಯನ್ನು ಚಾಚೂ ತಪ್ಪದೆ ಅನುಸರಿಸಬೇಕೆಂಬ ಆಗ್ರಹ ಇದರಿಂದ ಹುಟ್ಟಬೇಕಾಗಿಲ್ಲ. ಹಾಗೆ ಆಗ್ರಹಿಸುವವರು ಕನ್ನಡ ವ್ಯಾಕರಣಪರಂಪರೆಯ ಒಂದು ಮುಖ್ಯ ಒಳನೋಟವನ್ನು ಮರೆಯುತ್ತಾರೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ಕನ್ನಡದಲ್ಲಿ ಪಡೆಯುವ ರೂಪಗಳನ್ನು ಸೂತ್ರಗಳಲ್ಲಿ ಕ್ರಮಬದ್ಧಗೊಳಿಸಿದ್ದಾನೆ. ‘ಯಶ’ವು ‘ಜಸ’ವಾಗುವುದು, ‘ಶ್ರೀ’ಯು ‘ಸಿರಿ’ಯಾಗುವುದು ನಾಲಿಗೆಯ ಸೋಮಾರಿತನದಿಂದ ಅಲ್ಲ, ಅದೇ ಬಗೆಯ ಪದಗಳಲ್ಲಿ ಅದೇ ಬಗೆಯ ಪರಿವರ್ತನೆ ಮರುಕಳಿಸುತ್ತದೆ. ಪೋರ್ಚುಗೀಸಿನಿಂದ ಬಂದ ಮೇಜು, ಸಾಬೂನು, ಚಾವಿ, ಪಾದ್ರಿ ಪದಗಳ ಮಾತೂ ಹೀಗೆಯೇ. ಕೇಳಿದ ಧ್ವನಿಯನ್ನು ತನ್ನ ಬಳಿಯಿರುವ ಅತ್ಯಂತ ಸಮೀಪದ ಧ್ವನಿಗೆ ಒಗ್ಗಿಸಿಕೊಳ್ಳುವುದು ಭಾಷೆಯ ಹಕ್ಕು. ಈ ಪದಗಳು ಕಿವಿಯ ದಾರಿಯಿಂದ ಬಂದವು.

ಇದೇ ಪ್ರದೇಶದ ಇನ್ನೊಂದು ನಿದರ್ಶನ ಜೋಯಿಡಾ ತಾಲ್ಲೂಕಿನ ರೈಲು ನಿಲ್ದಾಣ. 1961ರವರೆಗೆ ಪೋರ್ಚುಗೀಸ್ ಗೋವೆಯ ಗಡಿಯಲ್ಲಿದ್ದ ಈ ನಿಲ್ದಾಣದ ಹೆಸರು ಇಂಗ್ಲಿಷಿನದು. ಕನ್ನಡದಲ್ಲಿ ಅದನ್ನು ‘ಕ್ಯಾಸಲ್‌ರಾಕ್’ ಎಂದೂ ‘ಕ್ಯಾಸ್ಟಲ್‌ರಾಕ್’ ಎಂದೂ ಬರೆಯುತ್ತಾರೆ. ಇಂಗ್ಲಿಷ್ ಉಚ್ಚಾರಣೆಯಲ್ಲಿ ಟಕಾರ ಮೌನವಾಗಿದೆ. ಕೇಳಿ ಬರೆದವನು ಅದನ್ನು ಬಿಟ್ಟಿದ್ದಾನೆ, ಕಾಗುಣಿತ ನೋಡಿ ಬರೆದವನು ಉಳಿಸಿಕೊಂಡಿದ್ದಾನೆ. ‘ಕ್ಯಾ’ ಎಂಬುದು ಎರಡರಲ್ಲಿಯೂ ಅಳವಡಿಕೆಯೇ, ಏಕೆಂದರೆ ಕನ್ನಡ ವರ್ಣಮಾಲೆಯಲ್ಲಿ ಆ ಸ್ವರಕ್ಕೆ ಪ್ರತ್ಯೇಕ ಅಕ್ಷರವಿಲ್ಲ. ಟಕಾರದ ಸಂಗತಿ ಹಾಗಲ್ಲ. ಅದನ್ನು ಬಿಡಲು ಕನ್ನಡಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

4. ರೋಮನ್ ಲಿಪಿಯಿಂದ ಮರಳಿದ ಊರುಗಳು

ಇಂಗ್ಲಿಷ್ ಮೂಲದ ಹೆಸರು ರೋಮನ್ ಲಿಪಿಯ ದಾರಿಯಲ್ಲಿ ಬರುವುದು ಅಚ್ಚರಿಯಲ್ಲ. ಅಚ್ಚರಿಯೆಂದರೆ, ಕನ್ನಡ ಲಿಪಿ ಸುಲಭವಾಗಿ ಹಿಡಿದಿಡಬಲ್ಲ ಈ ನೆಲದ ಹೆಸರುಗಳೂ ರೋಮನ್‌ಗೆ ಹೋಗಿ, ಸವೆದು, ಕನ್ನಡಕ್ಕೆ ಮರಳುತ್ತಿರುವುದು.

‘ಅಣಶಿ’ ಇದಕ್ಕೆ ಸ್ಪಷ್ಟ ನಿದರ್ಶನ. ಘಟ್ಟಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಹೆಸರು ಕೊಟ್ಟ ಈ ಊರಿನ ಹೆಸರಿನಲ್ಲಿ ಮೂರ್ಧನ್ಯ ಣಕಾರವಿದೆ, ಅದರ ಮುಂದೆ ಅಕಾರವಿದೆ. ರೋಮನ್ ಬರಹದಲ್ಲಿ ಣಕಾರಕ್ಕೆ ಬೇರೆ ಅಕ್ಷರವಿಲ್ಲ. ನಡುವಣ ಅಕಾರವನ್ನು ಬಿಡುವುದು ಅಲ್ಲಿ ರೂಢಿ. ಆ ಬರಹವನ್ನು ಮತ್ತೆ ಕನ್ನಡಕ್ಕೆ ತಂದಾಗ ‘ಅಂಶಿ’ ಎಂದಾಗುತ್ತದೆ. ಈ ರೂಪ ಈಗ ಕನ್ನಡ ಮುದ್ರಣದಲ್ಲಿ ‘ಅಣಶಿ’ಯ ಜೊತೆಗೇ ಓಡಾಡುತ್ತಿದೆ. ಕನ್ನಡದ ಯಾವ ಧ್ವನಿನಿಯಮವೂ ‘ಅಣಶಿ’ಯನ್ನು ‘ಅಂಶಿ’ಯಾಗಿ ಮಾಡುವುದಿಲ್ಲ, ಗಣಿತ, ಗಣಪತಿಗಳನ್ನು ನಾವು ತೊಡಕಿಲ್ಲದೆ ಹೇಳುತ್ತೇವೆ. ಹೊಸ ರೂಪವು ‘ಅಂಶ’ದ ನೆನಪನ್ನು ಸುಳ್ಳಾಗಿ ತರುವುದರಿಂದ ಸ್ಥಳನಾಮದ ವ್ಯುತ್ಪತ್ತಿಯನ್ನು ಹುಡುಕುವವರೂ ದಾರಿ ತಪ್ಪುವ ಸಂಭವವಿದೆ.

ನದಿಯ ಹೆಸರನ್ನೇ ನೋಡಬಹುದು. ಕನ್ನಡಕ್ಕೂ ಮರಾಠಿಗೂ ಅದು ಳಕಾರದ ‘ಕಾಳಿ’. ರೋಮನ್ ಬರಹದಲ್ಲಿ ಲಕಾರ ಳಕಾರಗಳು ಒಂದೇ ಆಗಿ, ಪ್ರವಾಸಿಗಳ ಬಾಯಲ್ಲಿ ಅದು ‘ಕಾಲಿ’ ಆಗುತ್ತದೆ. ಮಹಾಪ್ರಾಣವನ್ನು ಉಚ್ಚರಿಸದ ಅನೇಕರ ಮಾತಿನಲ್ಲಿ ‘ಖಾಲಿ’ಯೂ ‘ಕಾಲಿ’ಯೇ ಆದ್ದರಿಂದ, ಸಾಲು ಜಲಾಶಯಗಳನ್ನು ತುಂಬುವ ನದಿ ಬರಿದಾದ ನದಿಯಂತೆ ಕೇಳಿಸುತ್ತದೆ. ಹಳಿಯಾಳ, ಉಳವಿ, ಕೊಡಸಳ್ಳಿ, ತಟ್ಟಿಹಳ್ಳ ಎಲ್ಲಕ್ಕೂ ಇದೇ ಅಪಾಯವಿದೆ. ದಾಂಡೇಲಿಯ ರೋಮನ್ ಬರಹದಲ್ಲಿ ಒಂದೇ ಅಕ್ಷರ ಎರಡು ಬಾರಿ ಬರುತ್ತದೆ. ಮೊದಲನೆಯದು ದಂತ್ಯ, ಎರಡನೆಯದು ಮೂರ್ಧನ್ಯ. ಊರನ್ನು ಕಾಣದವನಿಗೆ ಆ ಬರಹದಿಂದ ದಂಡೆಲಿ, ಡಂಡೇಲಿ, ಡಾಂಡೆಲಿ ಯಾವುದೂ ಸಾಧ್ಯ.

ಸೂಪಾ ಪಟ್ಟಣದ ಸಂಗತಿ ಹೆಚ್ಚು ಗಂಭೀರವಾದುದು. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿತು, ತಾಲ್ಲೂಕು ಕೇಂದ್ರ ಜೋಯಿಡಾ ಆಯಿತು, ನಿರಾಶ್ರಿತರಾದವರು ರಾಮನಗರ ಮೊದಲಾದ ಕಡೆ ನೆಲೆಸಿದರು. ಈಗ ಆ ಹೆಸರು ಅಣೆಕಟ್ಟಿನ ಮೇಲೆ, ದಾಖಲೆಗಳಲ್ಲಿ, ಅಲ್ಲಿಂದ ಎದ್ದು ಬಂದವರ ಮಾತಿನಲ್ಲಿ ಮಾತ್ರ ಉಳಿದಿದೆ. ‘ಸೂಪಾ’ ಎಂಬ ಕನ್ನಡ ಬರಹ ಎರಡು ಸಂಗತಿಗಳನ್ನು ಕಾಯ್ದಿಟ್ಟಿದೆ. ಒಂದು, ಮೊದಲ ಸ್ವರದ ದೀರ್ಘತೆ. ಇನ್ನೊಂದು, ಕೊನೆಯ ದೀರ್ಘ ಆಕಾರ. ದೇಶ್ಯ ಕನ್ನಡದ ನಾಮಪದಗಳು ಆಕಾರಾಂತವಾಗುವುದು ವಿರಳವಾದ್ದರಿಂದ, ಸೂಪಾ, ಜೋಯಿಡಾ, ಲೋಂಡಾಗಳ ಈ ದೀರ್ಘವು ಅವು ಕೊಂಕಣಿ, ಮರಾಠಿ ನೆಲದ ಹೆಸರುಗಳೆಂಬುದನ್ನು ಕನ್ನಡ ಓದುಗನಿಗೆ ತಿಳಿಸುತ್ತದೆ. ರೋಮನ್ ಬರಹದಲ್ಲಿ ಎರಡೂ ಮಾಯವಾಗುತ್ತವೆ. ಊರೇ ಇಲ್ಲದ ಮೇಲೆ ಸರಿಯಾದ ಉಚ್ಚಾರಣೆಯನ್ನು ಅಲ್ಲಿಗೆ ಹೋಗಿ ಕೇಳುವಂತಿಲ್ಲ. ಮುಂದಿನವರಿಗೆ ಬರಹವೇ ಸಾಕ್ಷಿ.

5. ಮುಂಡಗೋಡದ ಎರಡು ಹೆಸರುಗಳು

ಈವರೆಗಿನ ಹೆಸರುಗಳು ನೆರೆಯ ಭಾಷೆಗಳವು. ನಿಜವಾಗಿ ದೂರದ ಭಾಷೆಯೊಂದರ ಹೆಸರುಗಳಲ್ಲಿಯೂ ಈ ವಾದ ನಿಲ್ಲುತ್ತದೆಯೇ ಎಂಬುದನ್ನು ಪರೀಕ್ಷಿಸಲು ಮುಂಡಗೋಡಕ್ಕಿಂತ ಒಳ್ಳೆಯ ಸ್ಥಳ ಸಿಗಲಾರದು. 1966ರಲ್ಲಿ ಆರಂಭವಾದ ಟಿಬೆಟನ್ ವಸತಿನೆಲೆ ಇಲ್ಲಿದೆ. ಲ್ಹಾಸಾ ಸಮೀಪದ ಎರಡು ಮಹಾವಿಹಾರಗಳು ಇಲ್ಲಿ ಮರುಸ್ಥಾಪನೆಗೊಂಡಿವೆ.

ಟಿಬೆಟನ್ ಲಿಪಿಯು ಬ್ರಾಹ್ಮೀ ಮೂಲದ್ದು. ಕನ್ನಡ ಲಿಪಿಗೆ ದೂರದ ದಾಯಾದಿ. ಆದರೆ ಅದರ ಕಾಗುಣಿತ ಪ್ರಾಚೀನ ಉಚ್ಚಾರಣೆಯನ್ನು ಹಿಡಿದಿಟ್ಟುಕೊಂಡಿದ್ದು, ಇಂದಿನ ಲ್ಹಾಸಾ ಮಾತು ಬಹಳ ದೂರ ಸರಿದಿದೆ. ‘ಲಾಮಾ’ ಪದವನ್ನು ಅಲ್ಲಿ ಬಕಾರ ಲಕಾರಗಳ ಸಂಯುಕ್ತದಿಂದ ಬರೆದು, ಲಕಾರವನ್ನು ಮಾತ್ರ ಉಚ್ಚರಿಸುತ್ತಾರೆ. ಆದ್ದರಿಂದ ಇಲ್ಲಿ ಎರಡು ಬಗೆಯ ರೋಮನ್ ಬರಹಗಳಿವೆ. 1959ರಲ್ಲಿ ಟ್ಯೂರೆಲ್ ವೈಲಿ ಪ್ರಕಟಿಸಿದ ಕ್ರಮವು ಕಾಗುಣಿತದ ಪ್ರತಿಯೊಂದು ಅಕ್ಷರವನ್ನೂ ಕೊಡುತ್ತದೆ; ಅದು ವಿದ್ವಾಂಸರ ಬಳಕೆಗೆ. ಜನರು ತಮ್ಮ ಗುರುತಿನ ಕಾಗದಗಳಲ್ಲಿ ಬಳಸುವುದು ಉಚ್ಚಾರಣೆಯನ್ನು ಸ್ಥೂಲವಾಗಿ ಸೂಚಿಸುವ ಸರಳ ಬರಹ. ಕನ್ನಡಕ್ಕೆ ಹೆಸರುಗಳು ಬರುವುದು ಈ ಸರಳ ಬರಹದಿಂದ.

ವಸತಿನೆಲೆಯಲ್ಲಿ ಬಲು ಸಾಮಾನ್ಯವಾದ ಎರಡು ಹೆಸರುಗಳನ್ನು ತೆಗೆದುಕೊಳ್ಳೋಣ: ‘ತೆನ್‌ಜಿನ್’ ಮತ್ತು ‘ಟಶಿ’. ರೋಮನ್‌ನಲ್ಲಿ ಎರಡೂ ಒಂದೇ ಅಕ್ಷರದಿಂದ ಆರಂಭವಾಗುತ್ತವೆ. ಮಾತಿನಲ್ಲಿ ಮೊದಲನೆಯದರ ಆರಂಭ ದಂತ್ಯ, ಕನ್ನಡದ ತಕಾರಕ್ಕೆ ಸಮೀಪ. ಎರಡನೆಯದು ಕಾಗುಣಿತದಲ್ಲಿ ಬ, ಕ, ರ ಎಂಬ ಗುಚ್ಛದಿಂದ ಆರಂಭವಾದರೂ ಲ್ಹಾಸಾ ಮಾತಿನಲ್ಲಿ ಒಂದೇ ಮೂರ್ಧನ್ಯ ಧ್ವನಿಯಾಗಿದೆ. ಕನ್ನಡದ ಟಕಾರಕ್ಕೆ ಸಮೀಪ. ಇಂಗ್ಲಿಷ್ ಓದುಗನಿಗೆ ಈ ಭೇದ ಹಿಡಿಯುವುದು ಕಷ್ಟ, ಅವನ ಭಾಷೆಯಲ್ಲಿ ಅದಿಲ್ಲ. ಕನ್ನಡಿಗನಿಗೆ ಅದು ತಟ್ಟೆಗೂ ತತ್ತಿಗೂ ಇರುವ ಭೇದ. ಆದರೂ ಕನ್ನಡ ಬರಹದಲ್ಲಿ ‘ಟೆಂಜಿನ್’ ಎಂಬ ರೂಪ ಸಾಮಾನ್ಯವಾಗಿದೆ, ಏಕೆಂದರೆ ಇಂಗ್ಲಿಷ್ ಪದಗಳಲ್ಲಿ ಆ ರೋಮನ್ ಅಕ್ಷರವನ್ನು ಟಕಾರವಾಗಿ ಓದುವುದು ನಮ್ಮ ಅಭ್ಯಾಸ. ಟೇಬಲ್ಲಿಗೆ ಅನ್ವಯಿಸುವ ನಿಯಮವನ್ನು ಟಿಬೆಟನ್ ಹೆಸರಿಗೂ ಅನ್ವಯಿಸಿದ್ದೇವೆ. ನಮ್ಮ ಬಳಿ ಎರಡು ಅಕ್ಷರಗಳಿದ್ದು, ಒಂದೇ ಅಕ್ಷರವಿದ್ದವರಂತೆ ಬರೆದಿದ್ದೇವೆ.

ವಿಹಾರಗಳ ಹೆಸರುಗಳಲ್ಲಿ ಇದೇ ಕಥೆ ಡಕಾರದೊಡನೆ ನಡೆದಿದೆ. ‘ಡ್ರೆಪುಂಗ್’ ಎಂಬ ಕನ್ನಡ ಬರಹದ ಡಕಾರ ಸರಿ, ಏಕೆಂದರೆ ಆರಂಭದ ಧ್ವನಿ ಮೂರ್ಧನ್ಯ. ‘ಗಾಡೆನ್’ ಎಂಬುದರ ಡಕಾರ ಸರಿಯಲ್ಲ, ಅಲ್ಲಿರುವುದು ದಂತ್ಯ; ‘ಗಾದೆನ್’ ಅಥವಾ ‘ಗಾಂದೆನ್’ ಎಂದಿರಬೇಕಿತ್ತು. ಒಂದು ಸರಿಯಾದದ್ದೂ ಇನ್ನೊಂದು ತಪ್ಪಾದದ್ದೂ ಒಂದೇ ಯಾಂತ್ರಿಕ ಓದಿನಿಂದ. ಸರಿಯಾದದ್ದು ಕೇವಲ ಆಕಸ್ಮಿಕ. ಹೋಲಿಕೆಗೆ ‘ದಲಾಯಿ ಲಾಮಾ’ ಎಂಬ ಹೆಸರಿದೆ. ಮಂಗೋಲಿಯನ್ ಮೂಲದ ಆ ಬಿರುದು ಕನ್ನಡದಲ್ಲಿ ದಂತ್ಯ ದಕಾರದಿಂದಲೇ ನೆಲೆಗೊಂಡಿದೆ. ಹೆಚ್ಚು ಕೇಳಿದ ಹೆಸರು ಸರಿಯಾಗಿ ಉಳಿದಿದೆ, ಕಾಗದದಲ್ಲಿ ಮಾತ್ರ ಕಂಡ ಹೆಸರು ಕೆಟ್ಟಿದೆ.

ಟಿಬೆಟನ್ನಿನ ಎಲ್ಲ ಭೇದಗಳನ್ನೂ ಕನ್ನಡ ಹಿಡಿಯಬೇಕೆಂದು ಇದರ ಅರ್ಥವಲ್ಲ. ಆ ಭಾಷೆಯ ಸ್ವರಭಾರ, ‘ಲ್ಹಾಸಾ’ದ ಅಘೋಷ ಲಕಾರ, ‘ಡ್ರೆಪುಂಗ್’ನ ಕೊನೆಯಲ್ಲಿ ಗಕಾರವಿಲ್ಲದೆ ನಿಲ್ಲುವ ಅನುನಾಸಿಕ, ಇವು ಕನ್ನಡದ ಧ್ವನಿವ್ಯವಸ್ಥೆಯ ಹೊರಗಿನವು, ಇಲ್ಲಿ ಅಳವಡಿಕೆಯೇ ನ್ಯಾಯ. ಖಾಮ್, ಆಮ್ದೋ ಸೀಮೆಗಳವರ ಮಾತು ಲ್ಹಾಸಾ ಮಾತಿನಿಂದ ಭಿನ್ನವಾದ್ದರಿಂದ ಒಂದೇ ಪ್ರಮಾಣವನ್ನು ಎಲ್ಲರ ಮೇಲೆ ಹೇರುವಂತೆಯೂ ಇಲ್ಲ. ಆಕ್ಷೇಪವಿರುವುದು ಇರುವ ಅಕ್ಷರವನ್ನು ಬಳಸದಿರುವುದರ ಬಗ್ಗೆ.

6. ಇಲ್ಲದ ಅಕ್ಷರ, ಬೇಡವೆನ್ನುವ ಅಕ್ಷರ

‘ತೆನ್‌ಜಿನ್’ ಹೆಸರಿನ ಜಕಾರ ಬೇರೊಂದು ಪ್ರಶ್ನೆಯನ್ನು ಎತ್ತುತ್ತದೆ. ಅದು ಕನ್ನಡದ ತಾಲವ್ಯ ಜಕಾರವಲ್ಲ. ನಾಲಿಗೆಯ ತುದಿ ಹಲ್ಲಿನ ಕಡೆಗೆ ಸರಿದು, ದಕಾರವೂ ಘರ್ಷವೂ ಕೂಡಿ ಹುಟ್ಟುವ ಸ್ಪರ್ಶಘರ್ಷ. ಮರಾಠಿ, ಕೊಂಕಣಿಗಳಲ್ಲಿಯೂ ಈ ಬಗೆಯ ಧ್ವನಿಗಳಿವೆ. ಮರಾಠಿಯಲ್ಲಿ ನಾಲ್ಕು ಎಂಬರ್ಥದ ‘ಚಾರ’ದ ಚಕಾರ ತಾಲವ್ಯ, ಮೇವು ಎಂಬರ್ಥದ ‘ಚಾರಾ’ದ ಚಕಾರ ದಂತ್ಯ. ಹಳಿಯಾಳದ ಮರಾಠಿಗನಿಗೂ ಮುಂಡಗೋಡದ ಟಿಬೆಟನ್ನನಿಗೂ ಸಾಮಾನ್ಯವಾದ ಇಂಥ ಧ್ವನಿಗೆ, ಅವರಿಬ್ಬರ ನಡುವೆ ಇರುವ ಕನ್ನಡದಲ್ಲಿ ಅಕ್ಷರವಿಲ್ಲ. ಅಕ್ಷರದ ಕೆಳಗೆ ನುಕ್ತವಿಟ್ಟು ಜ಼ ಎಂದು ಬರೆಯುವ ಸೌಲಭ್ಯವಿದೆ. ಆದರೆ ದೇವನಾಗರಿಯಲ್ಲಿ ಬರೆಯುವ ಮರಾಠಿಗರೇ ಈ ಭೇದವನ್ನು ಬರಹದಲ್ಲಿ ತೋರಿಸುವುದಿಲ್ಲ. ನಿಘಂಟಿಗೂ ಕ್ಷೇತ್ರಕಾರ್ಯದ ಟಿಪ್ಪಣಿಗೂ ನುಕ್ತ ಬೇಕು. ಪತ್ರಿಕೆಗೂ ಶಾಲೆಯ ಹಾಜರಿ ಪುಸ್ತಕಕ್ಕೂ ಬೇಡ.

ಇದಕ್ಕೆ ವಿರುದ್ಧ ದಿಕ್ಕಿನ ವಾದವೂ ಇದೆ. ಬಹುಪಾಲು ಕನ್ನಡಿಗರು ಮಹಾಪ್ರಾಣಗಳನ್ನು ಉಚ್ಚರಿಸುವುದಿಲ್ಲವಾದ್ದರಿಂದ ಕನ್ನಡ ಬರಹಕ್ಕೆ ಆ ಅಕ್ಷರಗಳು ಬೇಕಾಗಿಲ್ಲ ಎಂದು ಡಿ. ಎನ್. ಶಂಕರ ಬಟ್ ವಾದಿಸಿದರು. ತಮ್ಮ ಹೆಸರಿನಲ್ಲಿಯೂ ಭಕಾರವನ್ನು ಬಿಟ್ಟರು. ಕಲಿಯುವ ಮಕ್ಕಳ ಹೊರೆಯನ್ನು ಮುಂದಿಟ್ಟುಕೊಂಡ ಈ ವಾದ, ಕನ್ನಡದ ದಿನಬಳಕೆಯ ಪದಗಳ ಮಟ್ಟಿಗೆ, ಗಂಭೀರವಾಗಿ ಪರಿಶೀಲಿಸಬೇಕಾದದ್ದು. ಆದರೆ ಕನ್ನಡ ಲಿಪಿ ಕನ್ನಡ ಭಾಷೆಯೊಂದರದ್ದೇ ಅಲ್ಲ. ಕರ್ನಾಟಕದ ಕೊಂಕಣಿಯನ್ನೂ ತುಳುವನ್ನೂ ಅದರಲ್ಲಿ ಬರೆಯುತ್ತಾರೆ. ಮರಾಠಿಯಲ್ಲಿ ‘ಕರಾ’ ಎಂದರೆ ಮಾಡಿರಿ, ‘ಖರಾ’ ಎಂದರೆ ನಿಜವಾದ. ಮಹಾಪ್ರಾಣವು ಅರ್ಥವನ್ನೇ ಬೇರ್ಪಡಿಸುವ ಇಂಥ ಭಾಷೆಗಳ ಹೆಸರುಗಳಿಗೆ ಲೋಪದ ನಿಯಮವನ್ನು ವಿಸ್ತರಿಸಿದರೆ, ವಿದ್ಯುದಾಗಾರದ ‘ನಾಗಝರಿ’ಯು ‘ನಾಗಜರಿ’ಯಾಗಿ, ತೊರೆಯು ಸೀರೆಯ ಜರಿಯಾಗುತ್ತದೆ. ಶಂಕರ ಬಟ್ಟರು ತಮ್ಮ ಹೆಸರನ್ನು ತಾವೇ ತಿದ್ದಿಕೊಂಡದ್ದು ಅವರ ಸ್ವಾತಂತ್ರ್ಯ. ನೆರೆಯವರ ಹೆಸರಿಗೆ ಅದೇ ತಿದ್ದುಪಡಿ ಮಾಡುವ ಅಧಿಕಾರ ಆ ಸ್ವಾತಂತ್ರ್ಯದಿಂದ ಬರುವುದಿಲ್ಲ. ಓದುವವನು ಮಹಾಪ್ರಾಣವನ್ನು ಉಚ್ಚರಿಸದಿದ್ದರೆ ಅದು ಅಳವಡಿಕೆ. ಬರೆಯುವವನೇ ಅದನ್ನು ಅಳಿಸಿದರೆ ಉಚ್ಚರಿಸಬಲ್ಲವನಿಗೂ ದಾರಿಯಿಲ್ಲದಂತಾಗುತ್ತದೆ.

7. ಯಾರ ಉಚ್ಚಾರಣೆ ಪ್ರಮಾಣ?

ಈ ಚರ್ಚೆ ಕೇವಲ ಶ್ರವಣಸೌಖ್ಯದ್ದಲ್ಲ. ಈ ಭಾಗದ ಕೊಂಕಣಿ ಕ್ರೈಸ್ತರಲ್ಲಿ, ಕ್ರೈಸ್ತ ಸಿದ್ದಿಗಳಲ್ಲಿ ಪೋರ್ಚುಗೀಸ್ ಮೂಲದ ಹೆಸರುಗಳಿವೆ. ಮನೆಯಲ್ಲಿ ‘ಜುಜೆ’ ಎನಿಸಿಕೊಳ್ಳುವ ಹೆಸರಿನಲ್ಲಿ ಪೋರ್ಚುಗೀಸಿನ ಎರಡು ಬೇರೆ ಬೇರೆ ಘರ್ಷಧ್ವನಿಗಳು ಎರಡು ಜಕಾರಗಳಾಗಿ ಒಂದಾಗಿವೆ. ಇದು ಶತಮಾನಗಳ ಅಳವಡಿಕೆ, ಅದಕ್ಕೊಂದು ಘನತೆಯಿದೆ. ಅದೇ ಹೆಸರನ್ನು ರೋಮನ್‌ನಲ್ಲಿ ಪೋರ್ಚುಗೀಸ್ ಕಾಗುಣಿತದಂತೆ ಬರೆದು, ಅಲ್ಲಿಂದ ಕನ್ನಡಕ್ಕೆ ತಂದರೆ ‘ಜೋಸ್’ ಆಗಬಲ್ಲದು. ಈಗ ಒಬ್ಬನೇ ಮನುಷ್ಯನಿಗೆ ಎರಡು ಕನ್ನಡ ಹೆಸರುಗಳು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಜಾತಿ ಪ್ರಮಾಣಪತ್ರ, ಶಾಲಾ ದಾಖಲೆ, ಆಧಾರ್ ಚೀಟಿಗಳಲ್ಲಿ ಹೆಸರು ಒ೦ದೇ ಆಗಿರಬೇಕೆಂದು ಕಚೇರಿಗಳು ಬಯಸುತ್ತವೆ. ಆಧಾರ್ ನೋಂದಣಿಯಲ್ಲಿ ರೋಮನ್ ಬರಹದಿಂದ ಸ್ಥಳೀಯ ಲಿಪಿಯ ರೂಪವನ್ನು ತಂತ್ರಾಂಶವೇ ಸೂಚಿಸುತ್ತದೆ; ಅದನ್ನು ನೋಡಿ ತಿದ್ದದಿದ್ದರೆ ಅದೇ ಅಚ್ಚಾಗುತ್ತದೆ. ಕಣ್ಣಿನ ದಾರಿಯ ತಪ್ಪು ಇಲ್ಲಿ ಸೌಲಭ್ಯವನ್ನೇ ತಡೆಹಿಡಿಯಬಲ್ಲದು.

ಹಾಗಾದರೆ ಅನುಸರಿಸಬೇಕಾದ ಕ್ರಮವೇನು? ಮೇಲಿನ ವಿವೇಚನೆಯಿಂದ ಮೂರು ಮಾತುಗಳು ಹೊರಡುತ್ತವೆ. ಒಂದು, ಹೆಸರನ್ನು ಅದರ ಒಡೆಯರ ಅಥವಾ ಊರಿನವರ ಬಾಯಿಂದ ಕೇಳಿ ಬರೆಯಬೇಕು; ಹಾಗೆ ಸಾಧ್ಯವಿಲ್ಲದಾಗ ಮೂಲಲಿಪಿಯನ್ನು ಬಲ್ಲವರನ್ನು ವಿಚಾರಿಸಬೇಕು; ರೋಮನ್ ಬರಹ ಕೊನೆಯ ಆಸರೆ. ಎರಡು, ಕನ್ನಡದಲ್ಲಿ ಇರುವ ಭೇದವನ್ನು, ಅಂದರೆ ತ-ಟ, ದ-ಡ, ನ-ಣ, ಲ-ಳ, ಹ್ರಸ್ವ-ದೀರ್ಘ, ಅಲ್ಪಪ್ರಾಣ-ಮಹಾಪ್ರಾಣಗಳನ್ನು, ಬಿಟ್ಟುಕೊಡಬಾರದು. ಮೂರು, ಕನ್ನಡದಲ್ಲಿ ಇಲ್ಲದ ಭೇದಕ್ಕಾಗಿ ಸಾಮಾನ್ಯ ಬರಹವನ್ನು ಚಿಹ್ನೆಗಳಿಂದ ತುಂಬದೆ, ಸಮೀಪದ ಅಕ್ಷರವನ್ನು ಒಂದೇ ಕ್ರಮದಲ್ಲಿ ಬಳಸಬೇಕು. ಜೋಯಿಡಾ, ಜೊಯಿಡಾ, ಜೋಯ್ಡಾ ಎಂಬ ಮೂರು ರೂಪಗಳು ಏಕಕಾಲಕ್ಕೆ ಚಲಾವಣೆಯಲ್ಲಿರುವುದು ಈ ಮೂರನೆಯ ಮಾತಿನ ಅಗತ್ಯವನ್ನು ತೋರಿಸುತ್ತದೆ.

ಒಂದು ಊರಿಗೆ ಎರಡು ಭಾಷೆಗಳಲ್ಲಿ ಎರಡು ಹೆಸರುಗಳಿರುವಾಗ ಈ ಕ್ರಮ ಜಗಳವನ್ನು ಬಗೆಹರಿಸಲಾರದು. ‘ಬೆಳಗಾವಿ’ಯೋ ‘ಬೆಳಗಾವ್’ ಎಂಬುದೋ ಎನ್ನುವುದು ಧ್ವನಿವಿಜ್ಞಾನದ ಪ್ರಶ್ನೆಯಲ್ಲ. ಆದರೆ 2014ರ ನವೆಂಬರ್ 1ರಂದು ಜಾರಿಗೆ ಬಂದ ಬದಲಾವಣೆಯಿಂದ ಒಂದು ತತ್ತ್ವವನ್ನು ಪಡೆಯಬಹುದು. ಅಂದು ಕರ್ನಾಟಕದ ಹನ್ನೆರಡು ನಗರಗಳ ಇಂಗ್ಲಿಷ್ ಬರಹವನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಲಾಯಿತು. ಬರಹವು ಹೆಸರಿನ ಒಡೆಯರ ಮಾತಿಗೆ ಬಾಗಬೇಕು ಎಂಬುದೇ ಆ ಕ್ರಮದ ಹಿಂದಿನ ನ್ಯಾಯ. ರೋಮನ್ ಲಿಪಿಯಲ್ಲಿ ಳಕಾರವಿಲ್ಲದ್ದರಿಂದ ಬಳ್ಳಾರಿಗೂ ಹುಬ್ಬಳ್ಳಿಗೂ ಆ ನ್ಯಾಯ ಪೂರ್ತಿಯಾಗಿ ದೊರೆಯಲಿಲ್ಲ. ಕನ್ನಡ ಲಿಪಿಗೆ ಅಂಥ ಬಡತನವಿಲ್ಲ. ನಮ್ಮ ಊರುಗಳಿಗಾಗಿ ಇಂಗ್ಲಿಷಿನಿಂದ ಕೇಳಿ ಪಡೆದದ್ದನ್ನು ಅಣಶಿಗೂ ಸೂಪಾಕ್ಕೂ, ತೆನ್‌ಜಿನ್‌ಗೂ ಜುಜೆಗೂ ಕೊಡಲು ಕನ್ನಡ ಬರಹಕ್ಕೆ ಹೊಸ ಅಕ್ಷರವೊಂದೂ ಬೇಕಾಗಿಲ್ಲ. ಬರೆಯುವ ಮೊದಲು ಒಮ್ಮೆ ಕೇಳಿದರೆ ಸಾಕು.